ಕಕ್ಕಡದ ಬಣ್ಣ

ಮೊದಲು ಮಗುಚಿ ನೋಡುವುದು.
ಮೇಲ್ಮೈಯ ಮಾತು ಕೇಳಬಾರದು, ಅದು ಯಾವಾಗಲೂ ಮಾರುವವರ ಕಡೆ.
ಅಡಿಯ ಸ್ಕ್ರೂಗಳ ಸೀಳಿನಲ್ಲಿ
ಕೆನೆಬಣ್ಣ ಹೆಪ್ಪುಗಟ್ಟಿದೆ ಎಂದರೆ
ಬಿಚ್ಚದೆ ಬಳಿದಿದ್ದಾರೆ.
ಕಾರ್ಖಾನೆಗೂ ಆತುರವಿರುತ್ತದೆ, ನಿಜ,
ಆದರೆ ಅದು ಬ್ರಶ್ಶಿನ ಕೂದಲು ಬಿಟ್ಟು ಹೋಗುವುದಿಲ್ಲ.

ಒಂದು ಸಿಕ್ಕಿತು. ಚಿಮುಟದಲ್ಲಿ ಎತ್ತಿ
ಪೆಮ್ಮಯ್ಯನ ಅಂಗೈಮೇಲಿಟ್ಟೆ.
"ಏನಿದು ಮೊಯ್ದುಕ್ಕ?"
"ಹಂದಿ ಕೂದಲು. ನಾನು ಮುಟ್ಟಬಾರದ್ದು, ನೀನು ಬಿಡಲಾರದ್ದು."
ನಕ್ಕ. ಆದರೆ ಜೇಬಿಗೆ ಹೋಗಿದ್ದ ಕೈ ಅಲ್ಲೇ ನಿಂತಿತು.

ನಾಪೋಕ್ಲಿನ ಅವನ ಹೋಂಸ್ಟೇಗೆ ಹಳೆಯದೊಂದು ಫೋನು ಬೇಕು,
ಬಂದವರು ಕಿವಿಗಿಟ್ಟು ಫೋಟೋ ತೆಗೆಸಿಕೊಳ್ಳಲು.
ಒರಿಜಿನಲ್ ಆದರೆ ಆರು ಸಾವಿರ.
ಅಲ್ಲವಾದರೆ ಎರಡೂವರೆ, ಅದೂ ನೋಡೋಣ ಎಂಬ ಎರಡೂವರೆ.
ಅಮ್ಮತ್ತಿಯಿಂದ ಅಕ್ಕಿಚೀಲದಲ್ಲಿ ಹೊತ್ತು ತಂದ ಸೆವ್ರಿನ್ ಬಾಯಿ
ಸ್ಟೂಲಿನ ತುದಿಯಲ್ಲಿ ಕೂತಿದ್ದಾರೆ,
ಮಡಿಸಿದ ಕೊಡೆಯಿಂದ ನೀರು ನನ್ನ ಮೇಜಿನ ಕೆಳಗೆ ಹರಿಯುತ್ತಿದೆ.
ಇಬ್ಬರೂ ನನ್ನನ್ನು ನಂಬಿದ್ದಾರೆ. ಅದೇ ಕಷ್ಟ.

ವಿರಾಜಪೇಟೆ ಗಡಿಯಾರ ಕಂಬದ ಹಿಂದಿನ ಓಣಿಯಲ್ಲಿ
ನಲವತ್ತೊಂದು ವರ್ಷ.
ರೇಡಿಯೋ ಹೋಯಿತು, ಟೇಪು ಹೋಯಿತು,
ಈಗ ಉಸಿರು ನಿಂತ ವಸ್ತುಗಳಿಗೆ ಜಾತಕ ಬರೆಯುವ ಕೆಲಸ.

ಪ್ಲಾಸ್ಟಿಕ್ಕಿನ ಕೆನೆ ಹಳದಿಯಾಗುವುದು ಕಿಟಕಿಯ ಕಡೆ ಮಾತ್ರ,
ಬಿಸಿಲು ಬಿದ್ದ ಕೆನ್ನೆ ಬೇರೆ, ಬೀಳದ ಕೆನ್ನೆ ಬೇರೆ.
ಇದು ಸುತ್ತಲೂ ಒಂದೇ ಹಳದಿ, ಕಾಮಾಲೆಯ ಹಾಗೆ.
ಡಯಲಿನ ಸೊನ್ನೆ ನೋಡು:
ಬೆರಳು ತಿಂದ ತಗ್ಗಿನಲ್ಲಿ ಬಣ್ಣ ನಿಂತಿದೆ
ಮಡಿಯಲ್ಲಿ ನೀರು ನಿಂತ ಹಾಗೆ.
ಸವೆತ ಮೊದಲು, ಬಣ್ಣ ಆಮೇಲೆ.

ಹತ್ತಿಗೆ ಥಿನ್ನರ್ ಹಚ್ಚಿ
ಯಾರ ಕಣ್ಣೂ ಹೋಗದ ಮೂಲೆಯಲ್ಲಿ ಉಜ್ಜಿದೆ.
ಕೆನೆ ಬಂತು. ಅದರಡಿ ನೀಲಿ,
ಲಾರಿಯ ಬಾಗಿಲಿಗೆ ಬಳಿಯುವ ನೀಲಿ.
ನೀಲಿಯಡಿ ಕಪ್ಪು; ಅದು ಹತ್ತಿಗೆ ಬರಲಿಲ್ಲ.
ಬೇಕಲೈಟು ಬಣ್ಣ ಹಚ್ಚಿಕೊಂಡು ಹುಟ್ಟುವುದಿಲ್ಲ,
ಅದರ ಕಪ್ಪು ಮಾಂಸದಲ್ಲೇ ಇದೆ.
ಹೆಬ್ಬೆರಳಿಂದ ಬಿಸಿಯಾಗುವಷ್ಟು ತಿಕ್ಕಿ ಮೂಸಿದೆ:
ಆಸ್ಪತ್ರೆಯ ವಾಸನೆ.

ಇಷ್ಟಕ್ಕೆ ತೀರ್ಪು ಹೇಳಿ ಚಹಾ ತರಿಸಬಹುದಿತ್ತು.
ರಿಸೀವರ್ ಎತ್ತಿಬಿಟ್ಟೆ.
ಹಿಡಿಯ ಒಳಮಗ್ಗುಲಲ್ಲಿ ನಾಲ್ಕು ಹಳ್ಳ,
ಸಾಲಾಗಿ, ಸಣ್ಣವು.
ಕೆನೆ ಅವುಗಳ ಮೇಲೆ ತೆಳ್ಳಗೆ ಕೂತಿದೆ,
ನೀಲಿ ಮಾತ್ರ ಅಲ್ಲಿಂದ ಎದ್ದುಹೋಗಿದೆ.
ಒದ್ದೆ ಬಣ್ಣವನ್ನು ಯಾರೋ ಹಿಡಿದಿದ್ದಾರೆ.
ಹಿಡಿದು, ಬೇಗ ಬಿಡದೆ, ನಿಂತಿದ್ದಾರೆ.

ಸೆವ್ರಿನ್ ಬಾಯಿ ಕೊಡೆಯ ಕಡೆ ನೋಡುತ್ತ ಅಂದರು:
"ಒಂಟಿಯಂಗಡಿ ಮಿಲ್ಲಿನದು. ಲಾದ್ರು ಅಣ್ಣ ಅಲ್ಲಿ ರೈಟರ್.
ಲಾರಿಗೆ ಹಚ್ಚಿ ಉಳಿದ ಬಣ್ಣ ಇದಕ್ಕೂ ಹಚ್ಚಿ
ಮುಟ್ಟಬಾರದು ಅಂತ ಚೀಟಿ ಬರೆದಿಟ್ಟು ಲೋಡಿಗೆ ಹೋಗಿದ್ದ, ತಲಶ್ಶೇರಿಗೆ.
ಕಕ್ಕಡ. ನಾಲ್ಕು ದಿನ ಆದರೂ ಒಣಗಲಿಲ್ಲ.
ರಾತ್ರಿ ಬೆಲ್ ಹೊಡೀತು.
ನಾನೇ ಎತ್ತಿದೆ."

ಪೆಮ್ಮಯ್ಯ ಯಾರ ಫೋನು ಎಂದು ಕೇಳಲು ಬಾಯಿ ತೆರೆದ.
ನಾನು ಅವನ ಕಾಲು ತುಳಿದೆ.

"ಮದ್ದುಸೊಪ್ಪು ಹಿಂಡಿದ ಹಾಗೆ ಕೈಯೆಲ್ಲ ನೀಲಿ,"
ಅಂದರು. "ಸೀಮೆಎಣ್ಣೆ ಹಾಕಿ ತೊಳೆದೆ.
ಆಮೇಲೆ ಅಮ್ಮ ಇದನ್ನು ನೋಡಲಾರದೆ ಕೆನೆ ಹಚ್ಚಿಸಿದಳು."

ಓಣಿಯಲ್ಲಿ ಜೀಪೊಂದು ಹಿಂದೆ ಮುಂದೆ ಮಾಡಿ ತಿರುಗಿತು.

ಚೀಟಿಯಲ್ಲಿ ಬರೆದೆ: ಮೂಲ ಕಪ್ಪು, ಎರಡು ಸಲ ಬಳಿದದ್ದು,
ಒಳಗಿನ ಯಂತ್ರ ಸರಿಯಿದೆ. ಸಹಿ.
ಪೆಮ್ಮಯ್ಯ ಓದಿದ, ಬೈಯಲಿಲ್ಲ, ಒಳ್ಳೆಯ ಹುಡುಗ.
"ನಾಲ್ಕು ಕೊಡ್ತೇನೆ," ಅಂದ.
"ನೀವು ಎಲ್ಲ ಕೆರೆದು, ಉಜ್ಜಿ,
ಮತ್ತೆ ಕಪ್ಪು ಹಚ್ಚಿ ಕೊಡಿ. ಒರಿಜಿನಲ್ ಕಾಣೋ ಹಾಗೆ."

ಕಪಾಟಿನಲ್ಲಿ ಅರ್ಧ ಡಬ್ಬಿ ಕಪ್ಪು ಇತ್ತು.
ಅವರು ಸ್ಟೂಲಿನಿಂದ ಏಳಲಿಲ್ಲ.

"ಈ ಥಂಡಿಯಲ್ಲಿ ಬಣ್ಣ ಒಣಗಲ್ಲ ಮೋನೆ," ಅಂದೆ,
"ಕಕ್ಕಡ ಕಳೀಲಿ. ಆಮೇಲೆ ಬಾ, ನೋಡೋಣ."
ಅಕ್ಕಿಚೀಲ ಕೊಡವಿ ಅವರ ಮಡಿಲಿಗೆ ಕೊಟ್ಟೆ.